ಮುಲುಂಡ್‌ಗೆ ಮನೆ ಹುಡುಕಿಕೊಂಡು ಬರುವವರಿಗೆ

ಕರಾವಳಿಯಿಂದ ಮುಂಬೈಯ ಈ ಉಪನಗರಕ್ಕೆ ಬಂದವರಿಗೆ ಮೊದಲ ವಾರ ದಿಕ್ಕು ತಪ್ಪುತ್ತದೆ. ನಮ್ಮ ಕುಂದಾಪುರದಲ್ಲಿ ಸೂರ್ಯ ಘಟ್ಟದ ಕಡೆ ಹುಟ್ಟಿ ಕಡಲಿಗೆ ಇಳಿಯುತ್ತಾನೆ. ಮುಲುಂಡ್‌ನಲ್ಲಿ ಠಾಣೆಯ ಖಾಡಿಯ, ಅಂದರೆ ಒಳನುಗ್ಗಿದ ಕಡಲ ಕವಲಿನ, ಕಡೆ ಹುಟ್ಟಿ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡದ ಹಿಂದೆ ಮುಳುಗುತ್ತಾನೆ. ಇಪ್ಪತ್ತಾರು ವರ್ಷಗಳ ಹಿಂದೆ ಬಂದ ನನ್ನನ್ನು ಇಲ್ಲಿ ಉಳಿಸಿಕೊಂಡದ್ದು ಆ ಗುಡ್ಡವೇ.

ಮನೆ ನೋಡಲು ಸಾಧ್ಯವಾದರೆ ಜುಲೈ ತಿಂಗಳಿನಲ್ಲಿ, ಬೆಳಿಗ್ಗೆ, ನಡೆದುಕೊಂಡೇ ಬನ್ನಿ. ರೈಲು ಹಳಿಯ ಪಶ್ಚಿಮದಲ್ಲಿ ಪಾಂಚ್ ರಸ್ತಾದ ಸುತ್ತ ಅಂಗಡಿಗಳ ಗದ್ದಲ. ಅಲ್ಲಿಂದ ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಗ ದಾಟಿ ಮುಲುಂಡ್ ಕಾಲೊನಿಯತ್ತ ಹೋದರೆ ಗಾಳಿಯೇ ಬೇರೆ. ಗುಡ್ಡದ ನೆತ್ತಿಯ ಮೇಲೆ ಮೋಡ ಕುಳಿತಿರುತ್ತದೆ, ಹಸಿ ಮಣ್ಣಿನ ವಾಸನೆ ಬೀದಿಯವರೆಗೆ ಬರುತ್ತದೆ. ಕಾಡಂಚಿನಲ್ಲಿ ಮನೆ ಹಿಡಿಯುವವರು ಒಂದು ವಿಷಯ ನೆನಪಿಡಬೇಕು: ಉದ್ಯಾನದಲ್ಲಿ ಚಿರತೆಗಳಿವೆ. ಕಸ ಬಿದ್ದಲ್ಲಿ ನಾಯಿಗಳು ಸೇರುತ್ತವೆ, ನಾಯಿಗಳ ಬೆನ್ನಿಗೆ ಚಿರತೆ ಬರುತ್ತದೆ. ಹೊರಗೆ ಕಸ ಎಸೆಯಬೇಡಿ, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ.

ಕಚೇರಿ ನವಿ ಮುಂಬೈಯಲ್ಲಿದ್ದರೆ ಹಳಿಯ ಪೂರ್ವದಲ್ಲೇ ಮನೆ ನೋಡಿ. ಖಾಡಿ ದಾಟಿಸುವ ಐರೋಳಿ ಸೇತುವೆ ಹತ್ತಿರ. ಆ ಕಡೆ ಉಪ್ಪಿನ ಗದ್ದೆಗಳೂ ಕಾಂಡ್ಲಾ ಕಾಡೂ ಇವೆ. ಚಳಿಗಾಲ ಬಂತೆಂದರೆ ಖಾಡಿಯ ಕೆಸರಿನಲ್ಲಿ ರಾಜಹಂಸಗಳ ಗುಲಾಬಿ ಸಾಲು. ಠಾಣೆ ಖಾಡಿಗೆ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್‌ಸಾರ್ ಮಾನ್ಯತೆ ಸಿಕ್ಕಾಗ ನಮ್ಮ ಮನೆಯವರೇ ಬಹುಮಾನ ಗೆದ್ದಷ್ಟು ಸಂತೋಷವಾಗಿತ್ತು.

ಬಾಡಿಗೆಯ ಲೀವ್ ಅಂಡ್ ಲೈಸೆನ್ಸ್ ಕರಾರನ್ನು ನೋಂದಣಿ ಮಾಡಿಸಿ, ವಸತಿ ಸೊಸೈಟಿಯಲ್ಲಿ ನೀರು ಬರುವ ಹೊತ್ತು ಕೇಳಿಕೊಳ್ಳಿ. ನಾನು ಕೇಳದೆ ಒಂದು ವರ್ಷ ನಸುಕಿನಲ್ಲೆದ್ದು ಬಕೆಟ್ ತುಂಬಿಸಿದ್ದೇನೆ.

ದೂರವಾಯಿತು ಎಂದು ಹಲವರು ಹಿಂಜರಿಯುತ್ತಾರೆ. ಹೌದು, ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಲೋಕಲ್‌ನಲ್ಲಿ ದಕ್ಷಿಣ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ (ಸಿಎಸ್‌ಎಂಟಿ) ಸುಮಾರು ಒಂದು ಗಂಟೆ ಬೇಕು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು ಇದೇ ದಾರಿಯಲ್ಲಿ. ಕಲ್ಯಾಣದ ಕಡೆಯಿಂದ ಬರುವ ಗಾಡಿ ತುಂಬಿಯೇ ಬರುತ್ತದೆ. ಠಾಣೆಯಿಂದಲೇ ಹೊರಡುವ ಗಾಡಿಗೆ ಕಾದರೆ ಕೂರಲು ಜಾಗದ ಆಸೆಯಾದರೂ ಇರುತ್ತದೆ. ಸಂಜೆ ಇಳಿದು ಗುಡ್ಡದ ಕಡೆ ನಡೆಯುವಾಗ ಆ ಒಂದು ಗಂಟೆಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಕನ್ನಡಕ್ಕೆ ಬಾಯಾರಿದಾಗ ಅದೇ ಸ್ಲೋ ಲೋಕಲ್ ಹಿಡಿದು ಮಾಟುಂಗಾದಲ್ಲಿ ಇಳಿಯಿರಿ, ಗಾಡಿ ಬದಲಿಸಬೇಕಿಲ್ಲ. ನಿಲ್ದಾಣದ ಹೊರಗೇ 1942ರಿಂದ ಬಾಳೆಲೆ ಊಟ ಬಡಿಸುತ್ತಿರುವ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1926ರ ಮೈಸೂರು ಅಸೋಸಿಯೇಷನ್ ಇದೆ, ಪಶ್ಚಿಮಕ್ಕೆ ದಾಟಿದರೆ 1933ರ ಕರ್ನಾಟಕ ಸಂಘ. ಮಲ್ಲಿಗೆ, ಕಾಫಿಪುಡಿ, ಬಾಳೆಲೆ ಎಲ್ಲವನ್ನೂ ತಂದುಬಿಡಿ. ನೆರೆಯವರೊಂದಿಗೆ ಮಾತ್ರ ಮರಾಠಿಯಲ್ಲಿ ಮಾತಾಡಿ, ತಪ್ಪಿದರೂ ಪರವಾಗಿಲ್ಲ.

ಊರಿಗೆ ಹೋಗಲು ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸನ್ನು ಪಕ್ಕದ ಠಾಣೆಯಲ್ಲೇ ಹತ್ತಬಹುದು. ನನ್ನ ಅಮ್ಮ ಮೊದಲ ಸಲ ಬಂದು ಅಲ್ಲಿ ಇಳಿದಾಗ ಇನ್ನೂ ಬೆಳಕಾಗಿರಲಿಲ್ಲ. ಮನೆಯ ಬಾಲ್ಕನಿಯಲ್ಲಿ ಕಾಫಿ ಹಿಡಿದು ಕುಳಿತಿದ್ದರು. ಗುಡ್ಡ ಮೆಲ್ಲಗೆ ಕಾಣಿಸಿಕೊಂಡಿತು. ಬಹಳ ಹೊತ್ತು ನೋಡಿ, “ಇಲ್ಲಿ ಕರಿಬೇವಿನ ಗಿಡ ಬರುತ್ತದಾ?” ಎಂದು ಕೇಳಿದರು.