ಬ್ಲಾಕಿನ ಮೈ ಹೊಳೆಯಬೇಕಿಲ್ಲ

ಹೋದ ಮಳೆಗಾಲದಲ್ಲಿ ಪುಣೆ ಭೋಸರಿಯ ನನ್ನ ಗ್ಯಾರೇಜಿಗೆ ಒಂದು ಹಳೆ ಓಮ್ನಿ ಬಂತು. ನಮ್ಮ ಇಂಡಿ ಕಡೆಯ ಅಕ್ಕನವರದು, ಚಿಂಚವಡದಲ್ಲಿ ಖಾನಾವಳಿ ನಡೆಸುತ್ತಾರೆ, ಡಬ್ಬಿ ಹಂಚುವ ಗಾಡಿ. ಖಂಬಾಟಕಿ ಘಾಟ್ ಏರುವಾಗ ರೇಡಿಯೇಟರ್ ಹೋಸ್ ಒಡೆದಿದೆ, ಅವರ ಮಗ ಕಾದ ಎಂಜಿನ್ನನ್ನೇ ಹಾಗೇ ಓಡಿಸಿದ್ದಾನೆ. ಡಿಪ್‌ಸ್ಟಿಕ್ (ಎಣ್ಣೆ ನೋಡುವ ಕಡ್ಡಿ) ಎಳೆದರೆ ಹಾಲು ಹೆಚ್ಚಾದ ಚಹಾದಂಥ ಎಣ್ಣೆ. ಎಂಜಿನ್ನಿನ ಮೈ ಅಂದರೆ ಬ್ಲಾಕ್, ಅದರ ಮುಚ್ಚಳ ಹೆಡ್; ಎರಡರ ನಡುವೆ ನೀರು, ಎಣ್ಣೆ ಬೆರೆಯದಂತೆ ತಡೆಯುವ ತೆಳು ಹಾಳೆ, ಹೆಡ್ ಗ್ಯಾಸ್ಕೆಟ್, ಹೋಗಿತ್ತು.

ಹೆಡ್ ಬಿಚ್ಚುವುದು, ಕಟ್ಟುವುದು ಯಾವ ಹುಡುಗನಿಗೂ ಬರುತ್ತದೆ. ನಡುವೆ ಬ್ಲಾಕಿನ ಮೈ ಸ್ವಚ್ಛ ಮಾಡುವುದಿದೆಯಲ್ಲ, ಅಲ್ಲಿ ನಾನು ಒಮ್ಮೆ ಪೆಟ್ಟು ತಿಂದವನು. ಹಿಂದೆ ಒಂದು ಗಾಡಿಗೆ ಅವಸರದಲ್ಲಿ ಡ್ರಿಲ್ ಮಷಿನ್ನಿಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಹತ್ತೇ ನಿಮಿಷದಲ್ಲಿ ಬ್ಲಾಕನ್ನು ಕನ್ನಡಿ ಮಾಡಿದ್ದೆ. ತಿಂಗಳೊಳಗೆ ಗಾಡಿ ವಾಪಸ್ ಬಂತು, ಕೆಳಗಿನಿಂದ ಟಕಟಕ. ಡಿಸ್ಕಿನ ಪುಡಿ ಅಂದರೆ ಅಲ್ಯುಮಿನಿಯಂ ಆಕ್ಸೈಡ್, ಬೇರಿಂಗಿನ ಲೋಹಕ್ಕಿಂತ ಬಹಳ ಗಟ್ಟಿ. ಎಣ್ಣೆಯ ದಾರಿಯಲ್ಲಿ ಇಳಿದು ಬೇರಿಂಗ್ ತಿಂದುಹಾಕಿತ್ತು. ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಕೆಲಸದ ಖರ್ಚೆಲ್ಲ ನನ್ನ ತಲೆ ಮೇಲೆ. ಜನರಲ್ ಮೋಟರ್ಸ್‌ನವರು ಇಂಥ ಡಿಸ್ಕ್ ಬಳಸಬೇಡಿ ಎಂದು ತಮ್ಮ ಡೀಲರುಗಳಿಗೆ ಬುಲೆಟಿನ್ನನ್ನೇ ಕಳಿಸಿದ್ದರು ಅಂತ ಆಮೇಲೆ ತಿಳಿಯಿತು. ಡಿಸ್ಕಿಗೆ ಇನ್ನೊಂದು ಕೆಟ್ಟ ಗುಣವೂ ಇದೆ. ಕೈ ಸ್ವಲ್ಪ ನಿಂತಲ್ಲಿ ಕುಳಿ ಬೀಳುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ.

ಹಾಗಾಗಿ ಈಗ ಕೈಕೆಲಸವೇ. ಮೊದಲು ಎಣ್ಣೆಯ ತೂತುಗಳಿಗೆ, ನೀರಿನ ದಾರಿಗಳಿಗೆ ಬಟ್ಟೆ ತುರುಕಿದೆ. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ನುಗಳೆಲ್ಲ ಒಟ್ಟಿಗೆ ಕೆಳಗಿಳಿಯುವುದಿಲ್ಲ. ಕ್ರ್ಯಾಂಕ್ ತಿರುಗಿಸಿ ಒಂದು ಪೂರ್ತಿ ಕೆಳಗೆ, ಉಳಿದೆರಡು ಅಂಚಿನಿಂದ ತುಸು ಕೆಳಗೆ ನಿಲ್ಲುವಂತೆ ಮಾಡಿಕೊಂಡೆ. ಪಿಸ್ಟನ್ನಿನ ಅಂಚಿಗೆ ಸುತ್ತಲೂ ಬೆರಳಿನಿಂದ ಗ್ರೀಸ್ ಸವರಿದೆ, ಬಿದ್ದ ಕಸ ರಿಂಗಿಗೆ ಇಳಿಯದೆ ಅದಕ್ಕೇ ಅಂಟಲಿ ಎಂದು. ಹಳೆ ಗ್ಯಾಸ್ಕೆಟ್ಟಿನ ಕರಿ ಪದರದ ಮೇಲೆ ಥಿನ್ನರ್ ಬಟ್ಟೆ ಹಾಸಿ ಹದಿನೈದು ನಿಮಿಷ ಬಿಟ್ಟು, ಬ್ಲೇಡನ್ನು ಹೆಚ್ಚು ಕಡಿಮೆ ಮಲಗಿಸಿ ಕೆರೆದೆ. ಬ್ಲೇಡ್ ನಿಲ್ಲಿಸಿ ಹಿಡಿದರೆ ಗೀರು ಬೀಳುತ್ತದೆ. ಬ್ಲಾಕ್ ಎರಕದ ಕಬ್ಬಿಣ, ಸ್ವಲ್ಪ ತಡೆದುಕೊಳ್ಳುತ್ತದೆ. ಹೆಡ್ ಅಲ್ಯುಮಿನಿಯಂ, ಅದಕ್ಕೆ ಪ್ಲಾಸ್ಟಿಕ್ ಪಟ್ಟಿಯೇ ಸರಿ.

ಎರಡನೇ ದಿನ ಅಕ್ಕ ಬಂದರು. "ಅಣ್ಣಾ, ಕಬ್ಬಿಣ ಕೆರಿಯಾಕ ಎರಡ ದಿನಾ ಏನ್ರಿ? ಡಬ್ಬಿ ಕಾಯಾಕತ್ತಾರ ಮಂದಿ."

"ಅಕ್ಕಾರ, ಸುಟ್ಟ ಕರಕ ಹಂಚಿನ್ಯಾಗ ಇದ್ರ ಮ್ಯಾಲ ಹೊಸಾ ರೊಟ್ಟಿ ಹಾಕ್ತೀರೇನ್ರಿ?" ಅಂದೆ. ನಕ್ಕು ಹೋದರು.

ಬೋಲ್ಟಿನ ತೂತುಗಳನ್ನು ಮಾತ್ರ ಮರೆಯಬಾರದು. ಹೆಡ್ ಎತ್ತುವಾಗ ನೀರು, ಎಣ್ಣೆ ಅಲ್ಲಿಗೇ ಇಳಿಯುತ್ತದೆ. ತಳ ಮುಚ್ಚಿದ ತೂತಿನಲ್ಲಿ ನೀರು ನಿಂತಾಗ ಬೋಲ್ಟ್ ಬಿಗಿದರೆ ನೀರು ಕುಗ್ಗುವುದಿಲ್ಲ, ಬ್ಲಾಕೇ ಸೀಳುತ್ತದೆ. ಅಷ್ಟಾಗದಿದ್ದರೂ ಬಿಗಿ ಅಳೆಯುವ ಪಾನಾ, ಟಾರ್ಕ್ ರೆಂಚ್, ಸುಳ್ಳು ಹೇಳುತ್ತದೆ: ಅದು ಕಟ್ ಅಂದರೂ ಹೆಡ್ ಬಿಗಿದಿರುವುದಿಲ್ಲ. ಇಂಜೆಕ್ಷನ್ ಸಿರಿಂಜಿಗೆ ಸಣ್ಣ ಪೈಪು ಸಿಕ್ಕಿಸಿ ಒಂದೊಂದೇ ತೂತಿನಿಂದ ಹೀರಿದೆ. ಒಂದರಲ್ಲೇ ಅರ್ಧ ಸಿರಿಂಜ್ ಹಸಿರು ಕೂಲಂಟ್ ಬಂತು. ಆಮೇಲೆ ಕಂಪ್ರೆಸರಿನ ಗಾಳಿ, ಕಣ್ಣಿಗೆ ಕನ್ನಡಕ. ಚೂಡಿ (ತೂತಿನೊಳಗಿನ ಸುರುಳಿ ಗೆರೆ) ಸ್ವಚ್ಛ ಮಾಡಲು ಚೂಡಿ ಕೊರೆಯುವ ಟ್ಯಾಪ್ ಹಾಕಲಿಲ್ಲ, ಅದು ಲೋಹ ಕಡಿಯುತ್ತದೆ. ಹಳೆ ಬೋಲ್ಟಿಗೆ ಉದ್ದಕ್ಕೆ ಗರಗಸದಿಂದ ಎರಡು ಸೀಳು ಹಾಕಿ ಇಟ್ಟುಕೊಂಡಿದ್ದೇನೆ, ಅದನ್ನೇ ಕೈಯಿಂದ ತಿರುವಿದೆ.

ಆಮೇಲೆ ಅಳತೆ. ಸ್ಟ್ರೇಟ್ ಎಜ್ (ನೇರ ಉಕ್ಕಿನ ಪಟ್ಟಿ) ಇಟ್ಟು ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು, ಮೂಲೆಯಿಂದ ಮೂಲೆಗೆ ಎರಡು ಸಲ ನೋಡಿದೆ. ಸಂದು ಅಳೆಯುವ 0.05 ಮಿ.ಮೀ. ಫೀಲರ್ ಎಲೆ ಬ್ಲಾಕಿನಲ್ಲಿ ಎಲ್ಲೂ ತೂರಲಿಲ್ಲ. ಹೆಡ್ಡಿನಲ್ಲಿ ಮಧ್ಯದ ಸಿಲಿಂಡರಿನ ಹತ್ತಿರ ಸಲೀಸಾಗಿ ತೂರಿತು. ಹೆಡ್ ಲೇತಿನವರ ಹತ್ತಿರ ಫೇಸಿಂಗಿಗೆ, ಅಂದರೆ ಮೈ ಸಮ ಮಾಡಿಸಲು, ಹೋಯಿತು.

ಹೆಡ್ ಬರುವುದು ಮರುದಿನವಾಯಿತು. ಬೆಳಿಗ್ಗೆ ನೋಡಿದರೆ ಒರೆಸಿಟ್ಟ ಬ್ಲಾಕಿನ ಮೇಲೆ ಅರಿಶಿಣ ಚಿಮುಕಿಸಿದಂತೆ ತುಕ್ಕು! ಮಳೆಗಾಲದ ಗಾಳಿಗೆ ಬರಿ ಕಬ್ಬಿಣ ಒಂದು ರಾತ್ರಿಯೂ ತಡೆಯುವುದಿಲ್ಲ. ಎಂಜಿನ್ ಆಯಿಲ್ ತೆಳ್ಳಗೆ ಸವರಿ ಮುಚ್ಚಬೇಕಿತ್ತು, ನನ್ನದೇ ತಪ್ಪು. ನೈಲಾನ್ ಬ್ರಶ್ಶಿನಿಂದ ಉಜ್ಜಿ, ತುರುಕಿದ ಬಟ್ಟೆಗಳನ್ನು ಎಣಿಸಿ ತೆಗೆದು, ಗ್ರೀಸಿನ ಉಂಗುರವನ್ನು ಕಸದ ಸಮೇತ ಒರೆಸಿದೆ. ಕೊನೆಗೆ ಥಿನ್ನರ್ ಹಾಕಿದ ಬಿಳಿ ಬಟ್ಟೆ. ಮೊದಲ ಸಲ ಕಪ್ಪು, ಎರಡನೇ ಸಲ ಬೂದಿ, ನಾಲ್ಕನೇ ಸಲ ಬಿಳಿಯಾಗಿಯೇ ಬಂತು. ಅಷ್ಟಾದ ಮೇಲೆ ಬರಿಗೈ ಸೋಕಿಸಲಿಲ್ಲ. ಗ್ಯಾಸ್ಕೆಟ್ ಒಣಗಿದ್ದು ಒಣಗಿದ್ದಂತೆ ಕೂತಿತು, ಯಾವ ಸೀಲಂಟೂ ಇಲ್ಲ. ಬೋಲ್ಟ್ ಮಧ್ಯದಿಂದ ಹೊರಕ್ಕೆ, ಮೂರು ಹಂತದಲ್ಲಿ.

ಹೊಸ ಹೋಸ್, ಹೊಸ ಕೂಲಂಟ್, ಹೊಸ ಎಣ್ಣೆ, ಹೊಸ ಫಿಲ್ಟರ್. ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಓಡಿಸಿ, ಆ ಎಣ್ಣೆಯನ್ನೂ ಫಿಲ್ಟರನ್ನೂ ಮತ್ತೊಮ್ಮೆ ಬದಲಾಯಿಸಿದೆ, ಒಳಗೆ ಉಳಿದ ನೀರಿನಂಶ ಹೋಗಲೆಂದು. ಸಂಜೆಯ ಡಬ್ಬಿಗೆ ಗಾಡಿ ಹೋಯಿತು.