ಲೆಕ್ಕ ಸೊನ್ನೆ ಇತ್ತು, ಆದರೂ ಕರ್ನಲ್ ಬಿತ್ತು

ಐ-ಟು-ಸಿ ಎಂಬ ಎರಡು ತಂತಿಯ ಸಂಪರ್ಕದ ಮೇಲಿನ ಒಂದು ಚಿಕ್ಕ ಸೆನ್ಸರ್‌ಗೆ ಲಿನಕ್ಸ್ ಡ್ರೈವರ್ ಬರೆದಿದ್ದೆ. ಅದು ಮಾಡ್ಯೂಲ್, ಅಂದರೆ ಓಡುತ್ತಿರುವ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಸೇರಿಸಿ ತೆಗೆಯಬಹುದಾದ ಕೋಡ್. ಹೊಸ ಅಳತೆ ಸಿದ್ಧವಾದಾಗೆಲ್ಲ ಸೆನ್ಸರ್ ಇಂಟರಪ್ಟ್ ಕೊಡುತ್ತದೆ, ಅಂದರೆ ಪ್ರೊಸೆಸರ್ ಅನ್ನು ತಡೆದು ಕರೆಯುತ್ತದೆ. ಆ ಕರೆಗೆ ಓಡುವ ಇಂಟರಪ್ಟ್ ಹ್ಯಾಂಡ್ಲರ್ ಒಳಗೆ ಐ-ಟು-ಸಿ ಓದುವ ಹಾಗಿಲ್ಲ, ಓದಲು ಕಾಯಬೇಕು, ಅಲ್ಲಿ ಕಾಯುವುದೇ ತಪ್ಪು. ಹಾಗಾಗಿ ಹ್ಯಾಂಡ್ಲರ್ ಒಂದು ವರ್ಕ್ ಅನ್ನು (ಆಮೇಲೆ ಮಾಡಬೇಕಾದ ಕೆಲಸವನ್ನು) ಕ್ಯೂಗೆ ಹಾಕಿ ಮುಗಿಸುತ್ತಿತ್ತು. ಓದುವ ಕೆಲಸ ಆಮೇಲೆ ಕರ್ನಲ್‌ನ ಕೆವರ್ಕರ್ ಥ್ರೆಡ್‌ನದು.

ಆರ್‌ಎಂಮಾಡ್ ಆಜ್ಞೆಯಿಂದ ಮಾಡ್ಯೂಲ್ ತೆಗೆದರೆ ಹೆಚ್ಚಿನ ಸಲ ಏನೂ ಆಗುತ್ತಿರಲಿಲ್ಲ. ಅಪರೂಪಕ್ಕೆ ಇಡೀ ಕರ್ನಲ್ ಬೀಳುತ್ತಿತ್ತು. ಕರ್ನಲ್ ಬಿದ್ದಾಗ ಬರುವ ಊಪ್ಸ್ ಸಂದೇಶದಲ್ಲಿ ನನ್ನ ಫಂಕ್ಷನ್ ಹೆಸರಿಲ್ಲ, ಬರೀ ಒಂದು ವಿಳಾಸ. ಕೆಳಗೆ ಮಾತ್ರ 'ಲಾಸ್ಟ್ ಅನ್‌ಲೋಡೆಡ್' (ಕೊನೆಗೆ ತೆಗೆದದ್ದು) ಎಂದು ನನ್ನ ಮಾಡ್ಯೂಲ್ ಹೆಸರು. ಖಾಲಿ ಮಾಡಿದ ಮನೆಗೆ ಯಾರೋ ಕಾಲಿಟ್ಟಿದ್ದರು.

ಮಾಡ್ಯೂಲ್ ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಲೆಕ್ಕವನ್ನು ಕರ್ನಲ್ ಇಡುತ್ತದೆ, ಅದು ಸೊನ್ನೆ ಇದ್ದರೆ ಮಾತ್ರ ಮಾಮೂಲಾಗಿ ತೆಗೆಯಲು ಬಿಡುತ್ತದೆ. ಮೊದಲು ಆ ಲೆಕ್ಕದ ಮೇಲೇ ಅನುಮಾನ ಬಂತು. ಡಿವೈಸ್ ಫೈಲ್ ತೆರೆದಾಗ ಓಡುವ ನನ್ನ ಓಪನ್ ಫಂಕ್ಷನ್ ಒಳಗೆ, ಲೆಕ್ಕ ಏರಿಸುವ ಟ್ರೈ-ಮಾಡ್ಯೂಲ್-ಗೆಟ್ ಸೇರಿಸಿದೆ. ಅದು ತಪ್ಪು. ಮಾಡ್ಯೂಲ್‌ನ ಕೋಡ್ ಓಡಲು ಶುರುವಾದ ಮೇಲೆ ಲೆಕ್ಕ ಏರಿಸಿದರೆ ತಡವಾಯಿತು, ಅಷ್ಟರಲ್ಲಿ ಆ ಕೋಡೇ ಮಾಯವಾಗಬಹುದು. ಅದಕ್ಕೇ ಕರ್ನಲ್ ಹೊರಗಿನಿಂದಲೇ, ಓಪನ್ ಕರೆಯುವ ಮೊದಲೇ, ಓನರ್ (ಆ ಫೈಲ್ ಯಾವ ಮಾಡ್ಯೂಲ್‌ನದು ಎಂಬ ಗುರುತು) ನೋಡಿ ಲೆಕ್ಕ ಏರಿಸುತ್ತದೆ. ಹಳೆಯ ಕರ್ನಲ್‌ಗಳಲ್ಲಿ ಡ್ರೈವರುಗಳು ತಾವೇ ಏರಿಸಿಕೊಳ್ಳುತ್ತಿದ್ದವು, ಆ ಪದ್ಧತಿಯನ್ನು ಆಮೇಲೆ ಕೈಬಿಟ್ಟರು.

ಮಾಡ್ಯೂಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಮಾಡ್ ಸೊನ್ನೆ ತೋರಿಸುತ್ತಿದ್ದುದು ನಿಜವೇ. ಯಾರೂ ಫೈಲ್ ತೆರೆದಿರಲಿಲ್ಲ. ಆದರೆ ನಾನೇ ಕ್ಯೂಗೆ ಹಾಕಿದ ವರ್ಕ್ ಆ ಲೆಕ್ಕಕ್ಕೆ ಬರುವುದಿಲ್ಲ. ಟೈಮರ್ ಕೂಡ ಅಷ್ಟೇ. ಅವನ್ನು ನಿಲ್ಲಿಸುವುದು ಡ್ರೈವರ್ ಬರೆದವರ ಹೊಣೆ.

ನಿಲ್ಲಿಸಿಯೂ ಇದ್ದೆ ಅಲ್ವಾ? ಡ್ರೈವರ್ ತೆಗೆಯುವಾಗ ಓಡುವ ರಿಮೂವ್ ಫಂಕ್ಷನ್‌ನಲ್ಲಿ, ವರ್ಕ್ ರದ್ದು ಮಾಡುವ ಕ್ಯಾನ್ಸಲ್-ವರ್ಕ್-ಸಿಂಕ್ ಇತ್ತು. ಎರಡು ದಿನ ಅದನ್ನೇ ನೋಡುತ್ತ ಕೂತೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಶುರುವಿನಲ್ಲಿ ಸೆನ್ಸರ್ ಸಿದ್ಧಪಡಿಸುವ ಪ್ರೋಬ್‌ನಲ್ಲಿದ್ದ, ಇಂಟರಪ್ಟ್ ಕೇಳಿ ಪಡೆಯುವ ಡೆವ್‌ಎಂ-ರಿಕ್ವೆಸ್ಟ್-ಐಆರ್‌ಕ್ಯೂ. ಡೆವ್‌ಎಂ ಬಳಸಿದರೆ ಇಂಟರಪ್ಟ್ ಬಿಡುಗಡೆ ತಾನಾಗಿ ಆಗುತ್ತದೆ, ನಿಜ. ಆದರೆ ರಿಮೂವ್ ಮುಗಿದ ಮೇಲೆ! ವರ್ಕ್ ರದ್ದಾದ ಮೇಲೂ ಇಂಟರಪ್ಟ್ ಬರುತ್ತಿತ್ತು, ಹ್ಯಾಂಡ್ಲರ್ ಹೊಸ ವರ್ಕ್ ಹಾಕುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಮಾಡ್ಯೂಲ್ ಮೆಮೊರಿಯಲ್ಲೇ ಇರುತ್ತಿರಲಿಲ್ಲ.

ಊಹೆ ಸಾಲದು ಅನಿಸಿತು. ರದ್ದು ಮಾಡಿದ ಸಾಲಿನ ಕೆಳಗೆ 100 ಮಿಲಿಸೆಕೆಂಡ್, ವರ್ಕ್ ಫಂಕ್ಷನ್ ಒಳಗೆ 500 ಮಿಲಿಸೆಕೆಂಡ್ ನಿದ್ದೆ (ಬೇಕೆಂದೇ ತಡ) ಹಾಕಿದೆ. ಈಗ ಪ್ರತಿ ಸಲವೂ ಬಿತ್ತು. ಆ ಹೊತ್ತು ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಅಪರೂಪದ ದೋಷವನ್ನು ಹೀಗೆ ಕೈಗೆ ಸಿಕ್ಕಿಸಿಕೊಳ್ಳದೆ ಸುಮ್ನೆ ಸಾಲು ಬದಲಿಸಿದರೆ ಸರಿಹೋಯಿತೋ ಇಲ್ಲವೋ ಗೊತ್ತಾಗುವುದೇ ಇಲ್ಲ.

ಡೆವ್‌ಎಂ ತೆಗೆದು ಮಾಮೂಲಿ ರಿಕ್ವೆಸ್ಟ್-ಐಆರ್‌ಕ್ಯೂ ಹಾಕಿದೆ. ರಿಮೂವ್‌ನಲ್ಲಿ ಮೊದಲು ಇಂಟರಪ್ಟ್ ಬಿಡುಗಡೆ ಮಾಡುವ ಫ್ರೀ-ಐಆರ್‌ಕ್ಯೂ, ಆಮೇಲೆ ಕ್ಯಾನ್ಸಲ್-ವರ್ಕ್-ಸಿಂಕ್. ಫ್ರೀ-ಐಆರ್‌ಕ್ಯೂ ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಕಾಯುತ್ತದೆ. ಅದರಾಚೆ ಹೊಸ ವರ್ಕ್ ಹಾಕುವವರೇ ಇಲ್ಲ. ನಿದ್ದೆಯ ಸಾಲುಗಳನ್ನು ಹಾಗೇ ಬಿಟ್ಟು ರಾತ್ರಿಯಿಡೀ ಮಾಡ್ಯೂಲ್ ಸೇರಿಸುವ ಇನ್ಸ್‌ಮಾಡ್, ತೆಗೆಯುವ ಆರ್‌ಎಂಮಾಡ್ ಓಡಿಸಿದೆ. ಬೆಳಿಗ್ಗೆ ಡಿಮೆಸೇಜ್ (ಕರ್ನಲ್‌ನ ಸಂದೇಶಗಳು) ತೆರೆದು ನೋಡಿದರೆ ಒಂದೂ ಊಪ್ಸ್ ಇರಲಿಲ್ಲ. ಆಮೇಲೆ ನಿದ್ದೆಯ ಸಾಲುಗಳನ್ನು ಅಳಿಸಿದೆ.