ಹಲವು ಮಾಡ್ಯೂಲ್, ಒಂದೇ ಫೈಲ್: ನನ್ನ ಅನುಭವ

ವಿಜಯಪುರದಿಂದ ತಿಕೋಟಾ ಕಡೆಗೆ ಹೋಗುವ ದಾರಿಯಲ್ಲಿರುವ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್ ಒಂದಕ್ಕೆ ತೂಕ ಮತ್ತು ಬಾಡಿಗೆಯ ಲೆಕ್ಕ ಹಾಕುವ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ಬರೆದುಕೊಟ್ಟಿದ್ದೆ. ಅಲ್ಲಿಯ ಕಂಪ್ಯೂಟರಿನಲ್ಲಿದ್ದುದು ವಿಂಡೋಸ್ 7. ಅದರ ಮೇಲೆ ಓಡುವ ಕೊನೆಯ ಪೈಥಾನ್ ಆವೃತ್ತಿ 3.8. ಇಂಟರ್‌ನೆಟ್ ಇಲ್ಲದ್ದರಿಂದ ಪ್ರತಿ ತಿದ್ದುಪಡಿಯೂ ಪೆನ್‌ಡ್ರೈವಿನಲ್ಲೇ ಹೋಗಬೇಕಿತ್ತು. ನಾನು ಬರೆದ ಆರು ಮಾಡ್ಯೂಲ್‌ಗಳು (ಪ್ರೋಗ್ರಾಮಿನ ಬಿಡಿ ಭಾಗಗಳ ಫೈಲ್‌ಗಳು) ಮತ್ತು ಕಾಟಾದಿಂದ ತೂಕ ಓದುವ ಪೈಸೀರಿಯಲ್ ಎಂಬ ಸಿದ್ಧ ಪ್ಯಾಕೇಜ್, ಇಷ್ಟರಲ್ಲಿ ಒಂದು ಫೈಲ್ ಹಳೆಯದಾಗಿ ಉಳಿದರೂ ಲೆಕ್ಕ ತಪ್ಪುತ್ತಿತ್ತು. ಯಾರಾದರೂ ನೋಟ್‌ಪ್ಯಾಡಿನಲ್ಲಿ ತೆರೆದು ಟ್ಯಾಬ್ ಒತ್ತಿದರೆ ಪ್ರೋಗ್ರಾಮೇ ನಿಲ್ಲುತ್ತಿತ್ತು. "ಒಂದ ಫೈಲ್ ಕೊಡ್ರಿ ಸರ್, ಹತ್ತು ಬ್ಯಾಡ" ಎಂದು ಮ್ಯಾನೇಜರ್ ಹೇಳಿದ್ದು ನ್ಯಾಯವಾಗಿಯೇ ಇತ್ತು.

ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟಿಕೊಡುವ ಪೈಇನ್‌ಸ್ಟಾಲರ್ ಬಳಸಬಹುದಿತ್ತು. ಆದರೆ ಅದು ಪೈಥಾನನ್ನೇ ಹೊತ್ತುಕೊಂಡು ಬರುತ್ತದೆ, ಪೈಥಾನ್ ಅಲ್ಲಿ ಆಗಲೇ ಇತ್ತು. ಆದ್ದರಿಂದ ಪ್ರತಿ ಮಾಡ್ಯೂಲನ್ನು ಮೊದಲೇ ಕಂಪೈಲ್ ಮಾಡಿ, ಬಂದ ಬೈಟ್‌ಕೋಡನ್ನು (ಪೈಥಾನ್ ನೇರವಾಗಿ ಓಡಿಸುವ ರೂಪ) ಝಡ್‌ಲಿಬ್‌ನಿಂದ ಕುಗ್ಗಿಸಿ, ಬೇಸ್64 ವಿಧಾನದಲ್ಲಿ ಸಾದಾ ಅಕ್ಷರಗಳಾಗಿಸಿ, ಮುಖ್ಯ ಪ್ರೋಗ್ರಾಮಿನೊಳಗೆ ಹೆಸರಿಗೊಂದರಂತೆ ಡಿಕ್ಷನರಿಯಲ್ಲಿ (ಹೆಸರಿನಿಂದ ಮಾಹಿತಿ ಹುಡುಕುವ ಪಟ್ಟಿ) ಇಟ್ಟೆ. ಬೇಸ್64 ಮೂರು ಬೈಟ್‌ಗಳನ್ನು ನಾಲ್ಕಾಗಿಸುತ್ತದೆ, ಆದರೆ ಮೊದಲೇ ಕುಗ್ಗಿಸಿದ್ದರಿಂದ ಅದು ಭಾರವೆನಿಸಲಿಲ್ಲ.

ಇಂಪೋರ್ಟ್ (ಮಾಡ್ಯೂಲನ್ನು ಕರೆತರುವ ಆದೇಶ) ಎಂದಾಗ ಪೈಥಾನ್ ಈ ಡಿಕ್ಷನರಿಯನ್ನು ನೋಡುವಂತಾಗಲು 'ಫೈಂಡ್ ಸ್ಪೆಕ್' ಮತ್ತು 'ಎಕ್ಸೆಕ್ ಮಾಡ್ಯೂಲ್' ಎಂಬ ಮೆಥಡ್‌ಗಳಿರುವ ಒಂದು ಸಣ್ಣ ಕ್ಲಾಸ್ ಬರೆದು, ಅದನ್ನು 'ಸಿಸ್' ಮಾಡ್ಯೂಲಿನ 'ಮೆಟಾ ಪಾತ್' ಪಟ್ಟಿಗೆ, ಅಂದರೆ ಮಾಡ್ಯೂಲ್ ಹುಡುಕುವವರ ಸಾಲಿಗೆ, ಸೇರಿಸಬೇಕು. ನಾನು ಮೊದಲು ಪಟ್ಟಿಯ ಕೊನೆಗೆ ಸೇರಿಸಿದೆ. ಫೋಲ್ಡರಿನಲ್ಲಿ ಹಳೆಯ ಫೈಲ್‌ಗಳು ಹಾಗೆಯೇ ಬಿದ್ದಿದ್ದರಿಂದ ಪೈಥಾನ್ ಅವನ್ನೇ ಮೊದಲು ಎತ್ತಿಕೊಂಡಿತು, ನನ್ನ ಹೊಸ ದರಗಳು ಕಾಣಲೇ ಇಲ್ಲ. ಪಟ್ಟಿಯ ತಲೆಗೆ ಇಟ್ಟಮೇಲೆ ಸರಿಯಾಯಿತು. ಪೈಸೀರಿಯಲ್‌ನೊಳಗೆ ಉಪಮಾಡ್ಯೂಲ್‌ಗಳಿರುವುದರಿಂದ, ಸ್ಪೆಕ್ (ಮಾಡ್ಯೂಲಿನ ವಿವರ) ಕೊಡುವಾಗ ಅದು ಪ್ಯಾಕೇಜ್ ಎಂದು ಹೇಳಲೇಬೇಕು. ಮರೆತಾಗ "ಇದು ಪ್ಯಾಕೇಜ್ ಅಲ್ಲ" ಎಂಬ ದೋಷ ಬಂತು.

ನಿಜವಾಗಿ ನನ್ನನ್ನು ಕಾಡಿದ್ದು ಬೇರೆ. ಕಂಪೈಲ್ ಆದ ಪಿವೈಸಿ ಫೈಲಿನ ಮೊದಲ 16 ಬೈಟ್‌ಗಳು ಶಿರೋಭಾಗ: ನಾಲ್ಕು ಬೈಟ್ ಮ್ಯಾಜಿಕ್ ಸಂಖ್ಯೆ (ಪೈಥಾನ್ ಆವೃತ್ತಿಯ ಗುರುತು), ನಾಲ್ಕು ಫ್ಲ್ಯಾಗ್, ಉಳಿದ ಎಂಟರಲ್ಲಿ ಸಾಮಾನ್ಯವಾಗಿ ಮೂಲ ಫೈಲಿನ ಸಮಯ ಮತ್ತು ಗಾತ್ರ. ಈ ರೂಪ ಪೈಥಾನ್ 3.7ರಿಂದ ಬಂದದ್ದು. ಬೈಟ್‌ಗಳಿಂದ ಕೋಡನ್ನು ಮರಳಿ ಕಟ್ಟುವ ಮಾರ್ಷಲ್ ಮಾಡ್ಯೂಲಿಗೆ ಬೇಕಾದದ್ದು ಅದರ ನಂತರದ ಭಾಗ ಮಾತ್ರವಾದ್ದರಿಂದ ಆ ಹದಿನಾರನ್ನೂ ಕತ್ತರಿಸಿ ಎಸೆದಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ 3.11 ಇತ್ತು. ಮನೆಯಲ್ಲಿ ಎಲ್ಲವೂ ಓಡಿತು, ಅಲ್ಲಿ ಹೋಗಿ ಹಾಕಿದರೆ "ಬ್ಯಾಡ್ ಮಾರ್ಷಲ್ ಡೇಟಾ" ಎಂದು ನಿಂತಿತು. ಹೊರಗೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದ್ದವು, ನಾನು ಪೆನ್‌ಡ್ರೈವ್ ಕೆಟ್ಟಿದೆಯೆಂದು ಎರಡು ಸಲ ಕಾಪಿ ಮಾಡಿದೆ.

ಬೈಟ್‌ಕೋಡಿನ ರೂಪ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ, 3.8ರ ಮ್ಯಾಜಿಕ್ ಸಂಖ್ಯೆ 3413, 3.11ರದು 3495. ಫೈಲಿನಿಂದ ಇಂಪೋರ್ಟ್ ಆಗಿದ್ದರೆ ಪೈಥಾನ್ ಈ ಸಂಖ್ಯೆಯನ್ನು ನೋಡಿ, ಹೊಂದದಿದ್ದರೆ ಸ್ಪಷ್ಟವಾಗಿ ತಿಳಿಸುತ್ತಿತ್ತು ಅಥವಾ ಮೂಲದಿಂದ ಮತ್ತೆ ಕಂಪೈಲ್ ಮಾಡಿಕೊಳ್ಳುತ್ತಿತ್ತು. ಬಾಗಿಲ ಕಾವಲುಗಾರನನ್ನು ನಾನೇ ಮನೆಗೆ ಕಳಿಸಿದ್ದೆ. ಈಗ ಲ್ಯಾಪ್‌ಟಾಪಿನಲ್ಲಿ 3.8ನ್ನು ಪ್ರತ್ಯೇಕವಾಗಿ ಇಟ್ಟುಕೊಂಡು ಅದರಲ್ಲೇ ಕಂಪೈಲ್ ಮಾಡುತ್ತೇನೆ. ಮೊದಲ ನಾಲ್ಕು ಬೈಟ್‌ಗಳನ್ನು ಡಿಕ್ಷನರಿಯಲ್ಲಿ ಉಳಿಸಿ, ಪ್ರೋಗ್ರಾಮ್ ತೆರೆದೊಡನೆ ಅಲ್ಲಿಯ ಪೈಥಾನಿನ ಸಂಖ್ಯೆಯೊಂದಿಗೆ ಹೋಲಿಸಿ, ಬೇರೆಯಿದ್ದರೆ ಕನ್ನಡದಲ್ಲೇ ಒಂದು ಸೂಚನೆ ತೋರಿಸುತ್ತೇನೆ.

ಇದರಿಂದ ಕೋಡ್ ಗುಟ್ಟಾಗುತ್ತದೆಯೇ ಎಂದು ಮಾಲೀಕರು ಕೇಳಿದರು. ಇಲ್ಲ ಎಂದೆ. 'ಡಿಸ್' ಮಾಡ್ಯೂಲ್ ಬಲ್ಲವರು ಬೈಟ್‌ಕೋಡನ್ನು ಬಿಡಿಸಿ ಓದಬಲ್ಲರು; ಇದು ಅಚಾತುರ್ಯದ ತಿದ್ದುಪಡಿಯನ್ನಷ್ಟೇ ತಡೆಯುತ್ತದೆ.

ಉಳಿದದ್ದು ರಸೀದಿಯ ಮೇಲೆ ಲಾಂಛನ ಮುದ್ರಿಸಲು ಬಳಸುತ್ತಿದ್ದ ಪಿಲ್ಲೋ ಎಂಬ ಚಿತ್ರಗಳ ಪ್ಯಾಕೇಜ್. ಅದರ ಒಳಭಾಗ ಸಿ ಭಾಷೆಯಲ್ಲಿ ಕಂಪೈಲ್ ಆದ ಪಿವೈಡಿ ಫೈಲ್. ಅದನ್ನು ವಿಂಡೋಸ್ ಡಿಸ್ಕ್ ಮೇಲಿನ ಫೈಲಾಗಿಯೇ ಕೇಳುತ್ತದೆ, ಡಿಕ್ಷನರಿಯಿಂದ ಎತ್ತಿಕೊಳ್ಳುವುದಿಲ್ಲ. ತಾತ್ಕಾಲಿಕ ಫೋಲ್ಡರಿಗೆ ಬಿಡಿಸಿ ಬರೆಯುವ ಗೋಜು ನನಗೆ ಬೇಡವಾಗಿತ್ತು, ಹೀಗಾಗಿ ಲಾಂಛನವನ್ನು ಮನೆಯಲ್ಲೇ ಪ್ರಿಂಟರಿಗೆ ಬೇಕಾದ ಬೈಟ್‌ಗಳಾಗಿ ಸಿದ್ಧಪಡಿಸಿ, ಅದನ್ನೂ ಅದೇ ಫೈಲಿನಲ್ಲಿ ಇಟ್ಟುಬಿಟ್ಟೆ.